ಯಾವ ಕೈ ಎಂದು ಕೇಳದೆ ಹೊಲಿದ ಒರೆ

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ಕೈ ಹೇಗಿದೆ? ಹೆಬ್ಬೆರಳು ಮಡಚಲು ಬರುತ್ತದೆಯೇ? ಡಾಕ್ಟರು ನೀರು ತಾಗಿಸಬೇಡ ಎಂದಿದ್ದರೆ ತಾಗಿಸಬೇಡ. ಪಾತ್ರೆಗಳು ನಾಲ್ಕು ದಿನ ಹಾಗೇ ಬಿದ್ದಿದ್ದರೆ ಯಾರೂ ಪೊಲೀಸರಿಗೆ ದೂರು ಕೊಡುವುದಿಲ್ಲ. ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅಮ್ಮನ ಮಂಡಿನೋವು ನಮ್ಮ ಮನೆಯ ಮೆಟ್ಟಿಲು ಕಂಡರೆ ಬರುತ್ತದೆ, ಪಕ್ಕದ ಮನೆಗೆ ಹರಟೆಗೆ ಹೊರಟರೆ ಮಾಯವಾಗುತ್ತದೆ. ನನ್ನ ಕನ್ನಡಕದ ಒಂದು ಕಡ್ಡಿ ಮುರಿದಿದೆ. ಚರ್ಮದ ಚೂರು ಸುತ್ತಿ ಹೊಲಿದುಕೊಂಡಿದ್ದೇನೆ. ಊರಿನವರ ಚಪ್ಪಲಿಗಿಂತ ಗಟ್ಟಿಯಾಗಿದೆ.

"ಸಣ್ಣ ಗಾಯ, ಗಾಬರಿ ಬೇಡ" ಎಂದು ನೀನು ಬರೆದ ಕಾಗದ ಬುಧವಾರ ಬಂತು. ಅಕ್ಷರ ನೋಡಿ ಬೇರೆ ಯಾರ ಕೈಯಲ್ಲೋ ಬರೆಸಿದ್ದೀಯ ಎಂದುಕೊಂಡೆ. ದುಂಡಗೆ, ತುಸು ಎಡಕ್ಕೆ ವಾಲಿದ, ಒಂದೇ ಸಮನಾದ ಅಕ್ಷರ. ನಾನು ಕಂಡಂತೆ ನಿನ್ನ ಬರಹವೆಂದರೆ ಕೋಳಿ ಕೆದರಿದ ಹಾಗೆ. ಯಾರೋ ತಿಳಿದವರು ಜೊತೆಗಿದ್ದಾರಲ್ಲ ಎಂದು ಸಮಾಧಾನವೂ ಆಯಿತು.

ಶುಕ್ರವಾರ ನಿಮ್ಮ ಕಚೇರಿಯ ಜೀಪಿನ ಚಾಲಕ ಬಂದ. ನಾನು ನಿನಗೆ ಹೊಲಿದುಕೊಟ್ಟ ಒರೆಯನ್ನೂ ಅದರೊಳಗಿದ್ದ ಚಾಕುವನ್ನೂ ಮೇಜಿನ ಮೇಲಿಟ್ಟು, ಟಿಚ್ ಬಟನ್ ಕಿತ್ತುಬಂದಿದೆ, ಹಾಕಿಸಿಕೊಂಡು ಬರಲು ಹೇಳಿದ್ದಾರೆ ಎಂದ. ನಿನ್ನ ಕೈಗೆ ಐದು ಹೊಲಿಗೆ ಬಿದ್ದಿದೆ ಎಂಬುದೂ, ಇನ್ನೆರಡು ತಿಂಗಳು ನೀನು ಕಾಡಿನೊಳಗೆ ಮರ ಎಣಿಸಲು ಹೋಗುವ ಹಾಗಿಲ್ಲ ಎಂಬುದೂ ಅವನಿಂದಲೇ ತಿಳಿಯಿತು. ನಾನು ನಿನ್ನ ಕಾಗದ ತೋರಿಸಿ, ಇದನ್ನು ಬರೆದುಕೊಟ್ಟ ಪುಣ್ಯಾತ್ಮ ಯಾರಪ್ಪ ಎಂದೆ. ಅವನು ನಕ್ಕುಬಿಟ್ಟ. "ಅವ್ರೇ ಬರೆದಿರೋದು ಯಜಮಾನ್ರೇ. ಅವ್ರು ಯಾವಾಗ್ಲೂ ಎಡಗೈಲೇ ಅಲ್ವಾ ಬರೆಯೋದು? ನಿಮಗೆ ಗೊತ್ತಿಲ್ವಾ?" ಗೊತ್ತು, ಗೊತ್ತು ಎಂದೆ. ಹೆತ್ತ ಮಗಳ ಬಗ್ಗೆ ಪರರ ಮುಂದೆ ಸುಳ್ಳು ಹೇಳಿ ಮರ್ಯಾದೆ ಉಳಿಸಿಕೊಂಡೆ.

ಅವನು ಹೋದ ಮೇಲೆ ಒರೆಯನ್ನು ಬೆಳಕಿಗೆ ಹಿಡಿದೆ. ಚರ್ಮ ಸುಳ್ಳು ಹೇಳುವುದಿಲ್ಲ. ಬೆಲ್ಟು ತೂರಿಸುವ ಪಟ್ಟಿ ಸವೆಯಬಾರದ ಕಡೆ ಸವೆದಿದೆ. ಒರೆಯ ಬಾಯಿಯ ತಪ್ಪು ಅಂಚಿನಲ್ಲಿ ಎಷ್ಟೊಂದು ಗೀರುಗಳು. ಎರಡು ಪದರಗಳ ನಡುವೆ ಅಲುಗಿನ ಏಟು ತಿನ್ನಲೆಂದೇ ನಾವು ಹಾಕುವ ಸಣ್ಣ ಚರ್ಮದ ಪಟ್ಟಿಗೆ ನೀನು ಚಿಕ್ಕವಳಿದ್ದಾಗ 'ಬಡಪಾಯಿ ಪಟ್ಟಿ' ಎನ್ನುತ್ತಿದ್ದೆಯಲ್ಲ, ಅದರ ಮೇಲೆ ಕಂದು ಕಲೆ ಇತ್ತು. ಒರೆಸಿದರೂ ಹೋಗಲಿಲ್ಲ. ಬಲಗೈಯವರಿಗೆ ಹೊಲಿದ ಒರೆಯನ್ನು ಎಡಸೊಂಟಕ್ಕೆ ಕಟ್ಟಿದರೆ ಎಲ್ಲವೂ ಹಿಂದುಮುಂದು. ಚಾಕು ಒಳಗಿಡುವಾಗ ಎಡ ಮಣಿಕಟ್ಟನ್ನು ತಿರುಚಬೇಕು, ಬಲಗೈಯಲ್ಲಿ ಒರೆಯ ಬಾಯಿ ಹಿಡಿದುಕೊಳ್ಳಬೇಕು. ಎರಡು ವರ್ಷ ಹಾಗೇ ಸುಧಾರಿಸಿದ್ದೀಯ. ಒಂದು ದಿನ ಜಾರಿ ಬಲ ಹೆಬ್ಬೆರಳಿಗೆ ಬಿದ್ದಿದೆ, ಅಷ್ಟೆ.

ಒರೆ ಮಾಡಿಸಲು ಯಾರೇ ಬರಲಿ, ಚಾಕು ನೋಡುವ ಮೊದಲೇ ನಾನು ಕೇಳುವ ಮಾತು, "ಯಾವ ಕೈ?" ಬೇಟೆನಾಯಿ ಸಾಕುವ ಆ ಮುಂಗೋಪಿಯನ್ನೂ ಕೇಳಿದ್ದೇನೆ, ಮೀನು ಹಿಡಿಯುವವನನ್ನೂ ಕೇಳಿದ್ದೇನೆ. ನಲವತ್ತು ವರ್ಷದಲ್ಲಿ ಕೇಳದೆ ಹೊಲಿದದ್ದು ಒಂದೇ ಒಂದು ಒರೆ. ನೀನು ಆ ಚಾಕು ತಂದ ದಿನ ನನಗೆ ಎಷ್ಟು ಸಡಗರವೆಂದರೆ, ಕಾಗದದ ಮೇಲೆ ಅದನ್ನಿಟ್ಟು ಗೆರೆ ಎಳೆದೆ, ಇದ್ದುದರಲ್ಲಿ ಒಳ್ಳೆಯ ಚರ್ಮ ಆರಿಸಿ ನೆನೆಸಿದೆ, ಹಿಡಿಯ ಉಬ್ಬುತಗ್ಗು ಮೂಡುವ ತನಕ ಬೆರಳಿನಿಂದ ಒತ್ತಿದೆ. ಕೈ ಮಾತ್ರ ಕೇಳಲಿಲ್ಲ. ಎಡಚಿ ಮಗಳನ್ನು ತಿದ್ದಿ ಸರಿಮಾಡಿದವನು ನಾನೇ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡಿದ್ದವನಿಗೆ ಇನ್ನೇನು ಕೇಳುವುದಿತ್ತು. ನಿನ್ನ ಬಲಸೊಂಟಕ್ಕೆ ನಾನೇ ಕಟ್ಟಿದೆ. "ಚೆನ್ನಾಗಿದೆ ಅಪ್ಪಾ" ಎಂದೆ. ನೀನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದೆ ಎಂಬುದು ಈಗ ನೆನಪಾಗುತ್ತಿದೆ.

ತಿದ್ದಿದ್ದು ಹೇಗೆಂದು ನಿನಗೂ ಗೊತ್ತು. ಬರೆಯಲು ಕೂರುವಾಗ ನಿನ್ನ ಎಡ ಮಣಿಕಟ್ಟನ್ನು ಕುರ್ಚಿಯ ಕೈಗೆ ಕಟ್ಟಲು ಒಂದು ಪಟ್ಟಿ ಮಾಡಿದ್ದೆ. ನೋವಾಗಬಾರದೆಂದು ಒಳಗೆ ಬಟ್ಟೆ ಹಚ್ಚಿ, ಅಂಚು ಉಜ್ಜಿ, ಪುಟ್ಟ ಬಕಲ್ ಹಾಕಿದ್ದೆ. ಎಂಥ ಅಚ್ಚುಕಟ್ಟು ಕೆಲಸ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ನಮ್ಮ ಕತ್ತರಿಗಳೆಲ್ಲ ಬಲಗೈಯವು, ಮಗು ಕೈ ಕೊಯ್ದುಕೊಂಡೀತು ಎಂಬುದು ನಾನು ಹೇಳಿದ ನೆಪ. ನಾಲ್ಕು ಜನ ಏನಂದಾರು ಎಂಬುದು ನಿಜವಾದ ಕಾರಣ. ನೀನು ಅಳಲಿಲ್ಲ. ಅತ್ತಿದ್ದರೆ ಬಿಚ್ಚುತ್ತಿದ್ದೆನೇನೋ ಎಂದು ಬರೆಯಲು ಹೊರಟಿದ್ದೆ, ಅದೂ ನೆಪವೇ.

ನಿನ್ನೆ ನಿನ್ನ ಅಮ್ಮನ ಹತ್ತಿರ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ನಿಮ್ಮೆದುರಿಗೆ ಮಾತ್ರ ಬಲಗೈ ಕಣ್ರೀ, ಅವಳು ಏಳನೇ ಕ್ಲಾಸಿಂದ ಹಾಗೇನೇ" ಎಂದಳು. ಯಾಕೆ ಹೇಳಲಿಲ್ಲ ಎಂದರೆ, "ಅಪ್ಪಂಗೆ ಬೇಜಾರಾಗುತ್ತೆ ಅಂತ ಆಣೆ ಹಾಕಿಸ್ಕೊಂಡಿದ್ಲು" ಎಂದಳು. ಹೊರಗೆಲ್ಲ ನೀನು ನಿನ್ನ ಕೈಯಲ್ಲಿ ಬದುಕಿದೆ, ಈ ಮನೆಯಲ್ಲಿ ನನ್ನ ಕೈಯಲ್ಲಿ. ರಜೆಗೆ ಬಂದಾಗ ಕೂಡ ಸೌಟು ಬಲಗೈಯಲ್ಲಿ ಹಿಡಿದು ಸಾರು ಚೆಲ್ಲುತ್ತಿದ್ದೆ. ಗಮನ ಎಲ್ಲಿದೆ ಎಂದು ನಾನು ಗದರುತ್ತಿದ್ದೆ. ನನಗೆ ನಾಚಿಕೆಯಾಗಿದೆ, ಗುಬ್ಬಿ. ಈ ವಯಸ್ಸಿನಲ್ಲಿ ಕೂತು ಬರೆಯಲು ಇದಕ್ಕಿಂತ ದೊಡ್ಡ ಮಾತು ನನಗೆ ಸಿಗುತ್ತಿಲ್ಲ.

ಹಳೆಯ ಒರೆಗೆ ಬಟನ್ ಹಾಕಲಿಲ್ಲ. ಹೊಸದು ಹೊಲಿದಿದ್ದೇನೆ. ಅಂದು ಗೆರೆ ಎಳೆದ ಕಾಗದ ಇನ್ನೂ ಇತ್ತು. ಎಡಗೈಗೆ ಮಾಡಲು ಏನು ಬೇಕಿತ್ತು ಹೇಳು? ಆ ಕಾಗದವನ್ನು ಮಗುಚಿ ಹಾಕುವುದು, ಅಷ್ಟೇ. ಒಂದು ಕಾಗದ ಮಗುಚಲು ನನಗೆ ಇಷ್ಟು ವರ್ಷ ಬೇಕಾಯಿತು. ಬಟನ್ ಈಗ ಎಡ ಹೆಬ್ಬೆರಳಿಗೆ ಸಲೀಸಾಗಿ ಸಿಗುತ್ತದೆ. ನನ್ನ ಎಡಸೊಂಟಕ್ಕೇ ಕಟ್ಟಿಕೊಂಡು, ನನ್ನ ಎಡಗೈಯಲ್ಲಿ ಹೊರಗೆ ಒಳಗೆ ಮಾಡಿ ನೋಡಿದೆ. ಮೂರು ಸಲ ತಡವರಿಸಿದೆ. ನಿನ್ನ ಅಮ್ಮ ಬಾಗಿಲಲ್ಲಿ ನಿಂತು, ಕಟ್ಟಿ ಹಾಕ್ಲೇನ್ರೀ ಬಲಗೈನ ಎಂದಳು. ನಗಲಿಲ್ಲ ಅವಳು.

ಗಾಯ ಪೂರ್ತಿ ಒಣಗುವ ತನಕ ಕೆಲಸಕ್ಕೆ ಆತುರ ಬೇಡ. ಹಣ್ಣು ತಿನ್ನು. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ನಿನಗೆ ಸದಾ ಒಳಿತಾಗಲಿ, ಕೈಗಳೆರಡೂ ಚೆನ್ನಾಗಿರಲಿ.

ಇತಿ,
ನಿನ್ನ ಅಪ್ಪ

ತಾ.ಕ.: ಒರೆ ಒಯ್ಯಲು ಬಂದ ಚಾಲಕ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೊಸ ಒರೆಯ ಬಡಪಾಯಿ ಪಟ್ಟಿಗೆ ಹೊಸ ಚರ್ಮ ಹಾಕಿಲ್ಲ. ಕುರ್ಚಿಗೆ ಕಟ್ಟುತ್ತಿದ್ದ ಆ ಪಟ್ಟಿ ಬಕಲ್ ಡಬ್ಬದ ತಳದಲ್ಲಿ ಸಿಕ್ಕಿತು. ಬಟ್ಟೆ ಕಿತ್ತು, ಕತ್ತರಿಸಿ, ಅದನ್ನೇ ಒಳಗಿಟ್ಟು ಹೊಲಿದಿದ್ದೇನೆ. ಇನ್ನು ಮೇಲೆ ಅಲುಗಿನ ಏಟು ಅದು ತಿನ್ನಲಿ. ಅದು ಸೊಂಟದಲ್ಲಿರುವುದು ನಿನಗೆ ಬೇಡವಾದರೆ ಒಂದು ಸಾಲು ಬರೆ, ಎಡಗೈಯಲ್ಲೇ ಬರೆ. ಬಿಚ್ಚಿ ಬೇರೆ ಹಾಕಿಕೊಡುತ್ತೇನೆ.