ಕಿಂಡಿಯ ಮೇಲೆ ನೀಲಿ ಹೂವು

ಆಳಂದ
11 ನವೆಂಬರ್ 1986

ಪ್ರೀತಿಯ ಸುಮಿತ್ರಾಳ ಅಪ್ಪನವರಿಗೆ ಶಿವಕಾಂತಾಳ ಶರಣಾರ್ಥಿಗಳು.

ನಿಮ್ಮ ಕೆಮ್ಮು ಹೇಗಿದೆ? ಮುಂಬಯಿಯ ಹೋಟೆಲಿನಲ್ಲಿ ಊರಿಗೆಲ್ಲ ಬಡಿಸುವವರು ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ. ಇಲ್ಲಿ ಮಗಳು ಚೆನ್ನಾಗಿದ್ದಾಳೆ. ಅವ್ವನವರ ಮೊಣಕಾಲು ಹಾಗೇ ಇದೆ, ಕಣ್ಣು ಇನ್ನಷ್ಟು ಮಂಜಾಗಿದೆ. ನನ್ನ ಎದೆ ಮಾತ್ರ ನಿನ್ನೆಯಿಂದ ಹೊಡೆದುಕೊಳ್ಳುತ್ತಲೇ ಇದೆ.

ದೀಪಾವಳಿಗೆ ಬಂದಾಗ ನೀವು ತಂದಿಟ್ಟ ನೀಲಿ ಹೂವಿನ ಕಾಗದವನ್ನು ನಿನ್ನೆ ಸಿಕಂದರ ಪಡಸಾಲೆಯ ಗೋಡೆಗೆ ಅಂಟಿಸಿದ. ಟಾಕೀಸಿನ ಪೋಸ್ಟರು ಹಚ್ಚುವವನ ಕೈಗೆ ಮನೆ ಕೊಟ್ಟರೆ ಏನಾದೀತೋ ಎಂದು ಹೆದರಿದ್ದೆ. ಸುಳ್ಳೇಕೆ ಹೇಳಲಿ, ಸೊಗಸಾಗಿ ಮಾಡಿದ. ಸ್ವಿಚ್ ಬೋರ್ಡು ಬಂದಲ್ಲಿ ಕಾಗದವನ್ನು ಮೂಲೆಯಿಂದ ಮೂಲೆಗೆ ಸೀಳಿ ಅಂಚು ಒಳಗೆ ಮಡಚಿದ. ಕಿಟಕಿ, ದೀಪದ ಗೂಡು, ನಿಮ್ಮ ಅಂಗಿ ತೂಗುಹಾಕುವ ಗೂಟ, ಎಲ್ಲದಕ್ಕೂ ಜಾಗ ಬಿಟ್ಟ. ನಾನು ರೊಟ್ಟಿ ಬಡಿಯುವುದು ಮುಗಿಸಿ ಹೊರಗೆ ಬಂದು ನೋಡುತ್ತೇನೆ, ನಡುಗೋಡೆಯಲ್ಲಿ ಕಿಂಡಿಯೇ ಇಲ್ಲ! ಬರೀ ಹೂವು. ಕೈಯ ಹಿಟ್ಟನ್ನೂ ತೊಳೆಯದೆ ನಿಂತುಬಿಟ್ಟೆ.

ನೀವು ಅಣ್ಣತಮ್ಮಂದಿರು ಪಾಲಾದಾಗ ಹಿರಿಯರು ನಡುವೆ ಗೋಡೆ ಎಬ್ಬಿಸಿ, ಒಂದು ಮನೆಯ ದೀಪದಿಂದ ಇನ್ನೊಂದು ಮನೆಯ ದೀಪ ಹಚ್ಚಿಕೊಳ್ಳಲಿ ಎಂದು ಬಿಟ್ಟ ಕಿಂಡಿ ಅದು. ಭಾವನವರ ಕಡೆ ಇರುವ ಅವ್ವನವರಿಗೆ ಈಗ ಓಣಿ ಸುತ್ತಿ ಬರಲು ಆಗುವುದಿಲ್ಲ. ದಿನಾ ಲಿಂಗಪೂಜೆ ಮುಗಿಸಿ, ಕಿಂಡಿಯೊಳಗೆ ಕೈ ಚಾಚಿ ಮೊಮ್ಮಗಳ ಹಣೆಗೆ ವಿಭೂತಿ ಹಚ್ಚುತ್ತಾರೆ. ಅವರ ಪಾಲಿಗೆ ನಮ್ಮ ಮನೆ ಎಂದರೆ ಅಷ್ಟೇ ಜಾಗ.

ಪೋಸ್ಟರು ಹಚ್ಚುವ ಚಟದಲ್ಲಿ ಮುಚ್ಚಿದನೆಂದು ಸಿಕಂದರನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಬ್ರಷ್ ಕೆಳಗಿಟ್ಟ. “ನಂದೇನ್ ತಪ್ಪದರಿ ಅಕ್ಕಾ? ಕಿಂಡಿ ಕಾಣಬಾರ್ದು, ಮ್ಯಾಲಿಂದ ಸಪಾಟ ಹಚ್ಚು ಅಂತ ನಿಮ್ಮ ಮಾಲಕರೇ ಹೇಳಿ ಹೋಗ್ಯಾರ್ರಿ” ಎಂದ. ನೀವೇ? ಹೊಲದ ಬದುವಿನ ಜಗಳ ನಿಮಗೂ ಭಾವನವರಿಗೂ ಇರಲಿ, ಅವ್ವನವರೇನು ಮಾಡಿದ್ದರು? ಗೂಟಕ್ಕೆ ಬಿಟ್ಟಷ್ಟು ಜಾಗ ಹೆತ್ತವ್ವನಿಗೆ ಬಿಡಲಿಲ್ಲವಲ್ಲ! ಆದರೂ ನೀವು ಹೇಳಿದ್ದೆಂದ ಮೇಲೆ ಅದನ್ನು ಹರಿಯಲು ನನಗೆ ಧೈರ್ಯ ಬರಲಿಲ್ಲ.

ಇಂದು ಬೆಳಿಗ್ಗೆ ಸುಮಿತ್ರಾ ಎಂದಿನಂತೆ ಗೋಡೆಗೆ ಹಣೆ ಒಡ್ಡಿ ನಿಂತಳು. ಅಂಟು ಪೂರ್ತಿ ಆರಿರಲಿಲ್ಲ. ಕಾಗದ ಒಮ್ಮೆ ಉಬ್ಬಿತು, ತಗ್ಗಿತು, ಆಮೇಲೆ ಪರ್ರೆಂದು ಹರಿದು ಹೂವಿನ ನಡುವಿನಿಂದ ವಿಭೂತಿ ಮೆತ್ತಿದ ಬೆರಳುಗಳು ಹೊರಬಂದವು. ಮಗಳು ಕಿಟಾರನೆ ಕಿರುಚಿದಳು, ನಾನೂ ಕಿರುಚಿದೆ. ಆ ಕೈ ಮಾತ್ರ ಹಿಂದೆ ಸರಿಯಲಿಲ್ಲ, ಹಣೆ ಹುಡುಕುತ್ತಿತ್ತು.

ಯಾರು ಮುಚ್ಚಿದ್ದೆಂದು ಅವ್ವನವರು ಕೇಳಿದರು. ನಿಮ್ಮ ಹೆಸರು ಹೇಳಲು ನಾಲಿಗೆ ಏಳಲಿಲ್ಲ, ಸಿಕಂದರನ ತಪ್ಪು ಎಂದೆ. ಅವನನ್ನೇ ಕರೆಸಿ ಕಿಂಡಿಯ ಸುತ್ತ ನೀಟಾಗಿ ಕತ್ತರಿಸಿ ಅಂಚು ಮಡಚಿಸಿದ್ದೇನೆ. ಸಿಟ್ಟು ಬಂದರೆ ಬರಲಿ. ಕೆಮ್ಮಿಗೆ ಶುಂಠಿ ಕಷಾಯ ಕುಡಿಯಿರಿ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಶಿವಕಾಂತಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವನವರು ಕಿಂಡಿಯಿಂದ ಕರೆದರು. “ಸಿಕಂದರಗ ಬೈಬ್ಯಾಡ ಬೇ. ಯಾರ್ ಹೇಳ್ಯಾರಂತ ನನಗ ಗೊತ್ತದ. ಇದು ಅವಗ ಕಳಸು” ಎಂದರು. ಒಳಗಿನ ಪೊಟ್ಟಣದಲ್ಲಿರುವುದು ನಿಮ್ಮ ಹಣೆಗೆಂದು ಅವರು ಕೊಟ್ಟ ವಿಭೂತಿ.