ಹತ್ತು ದಿನದ ರಜೆ, ಎರಡು ದ್ವೀಪ

ಹನಕೆರೆ,
ಸೋಮವಾರ, ೨೯-೫-೧೯೪೪

ಪ್ರೀತಿಯ ತಮ್ಮ ಸಿದ್ದರಾಜುವಿಗೆ ನಿನ್ನ ಅಕ್ಕ ದೊಡ್ಡತಾಯಮ್ಮನ ಆಶೀರ್ವಾದಗಳು.

ಜ್ವರ ಬಿಟ್ಟಿತೇ? ಸಿಂಹಳದ ಕೊಬ್ಬರಿ ಎಣ್ಣೆಯ ಅಡುಗೆ ಹೊಟ್ಟೆಗೆ ಒಗ್ಗಿತೇ? ಪಟಾಲಮ್ಮಿನ ಲಾರಿ ಓಡಿಸುವಾಗ ನಿದ್ದೆಗೆಡಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಕೆಂದ ಹಸು ಹೆಣ್ಣುಕರು ಹಾಕಿದೆ. ಸೀಮೆಎಣ್ಣೆ ಸಿಕ್ಕುತ್ತಿಲ್ಲ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುತ್ತೇವೆ. ನಿನ್ನ ಹೆಂಡತಿ ರೇವಮ್ಮನೂ ಚೆನ್ನಾಗಿದ್ದಾಳೆ. ಚೆನ್ನಾಗಿರದೆ ಏನು, ಮೂರು ಹೊತ್ತು ಉಣ್ಣುತ್ತಾಳೆ, ಒಸಡು ಕಾಣುವ ಹಾಗೆ ನಗುತ್ತಾಳೆ. ಮುದ್ದೆ ಕಟ್ಟುವುದನ್ನು ಮಾತ್ರ ನಾಲ್ಕು ತಿಂಗಳಾದರೂ ಕಲಿತಿಲ್ಲ, ಬರೀ ಗಂಟು. ನಾನು ಏನೂ ಅನ್ನುವುದಿಲ್ಲ. ನಾಯಿಗೆ ಹಾಕಿ ಬೇರೆ ಮಾಡು ಅನ್ನುತ್ತೇನೆ ಅಷ್ಟೆ.

ನಿನ್ನ ಕಾಗದ ಬಂತು. ರೇವಮ್ಮ ಅಕ್ಷರ ಬರದವಳಲ್ಲವೇ, ಕೂರಿಸಿಕೊಂಡು ನಾನೇ ಓದಿ ಹೇಳಿದೆ. ಕೆಲವು ಸಾಲು ಹೆಣ್ಣುಮಗಳ ಮುಂದೆ ಓದುವಂಥದ್ದಾಗಿರಲಿಲ್ಲ, ಬಿಟ್ಟೆ. ಅಲ್ಲಿ ದೊರೆಗಳು ಹೊಸ ಹೆಂಡತಿಯರನ್ನು ಕಟ್ಟಿಕೊಂಡು ಸಮುದ್ರದ ದಡದ ಬಂಗಲೆಗಳಲ್ಲಿ ಹನಿಮೂನು ಮಾಡುತ್ತಾರೆ, ಮದುವೆಯಾದ ಐದನೇ ದಿನಕ್ಕೆ ನಾನು ಹೊರಟುಬಂದೆ, ಜುಲೈ ಮೂರರಿಂದ ಹತ್ತು ದಿನ ರಜೆ ಸಿಕ್ಕಿದೆ, ನಾವೂ ಒಂದು ದ್ವೀಪಕ್ಕೆ ಹೋಗಬೇಕು, ಶ್ರೀರಂಗಪಟ್ಟಣವೋ ಶಿವನಸಮುದ್ರವೋ ರೇವಳನ್ನು ಕೇಳಿ ಬರೆ ಎಂದಿದ್ದೀಯೆ. ಅವ್ವ ಸತ್ತಾಗ ನಿನಗೆ ಮೂರು ವರ್ಷ. ಅವತ್ತಿನಿಂದ ಕಂಕುಳಲ್ಲಿ ಹೊತ್ತು ಸಾಕಿದವಳು ನಾನು. ಅಕ್ಕನೂ ಬರಲಿ ಎಂದು ಒಂದು ಮಾತು ಬರೆಯಲು ನಿನ್ನ ಸೀಸದಕಡ್ಡಿ ಮುರಿದುಹೋಗಿತ್ತೇ? ನನಗೆ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದು ಸುಳ್ಳು ಏಕೆ ಹೇಳಲಿ.

ಇರಲಿ, ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಶ್ರೀರಂಗಪಟ್ಟಣಕ್ಕೆ ಇಲ್ಲಿಂದಲೇ ರೈಲು, ದೇವರ ದರ್ಶನವೂ ಆಗುತ್ತದೆ. ಆದರೆ ನಮ್ಮವರು ಅಲ್ಲಿಗೆ ಹೋಗುವುದು ಅಸ್ಥಿ ಬಿಡುವುದಕ್ಕೆ. ನಿನ್ನ ಭಾವನ ಅಸ್ಥಿಯ ಕುಡಿಕೆ ಹಿಡಿದ ಅಪ್ಪಯ್ಯನ ಹಿಂದೆ ನಾನು ಹೋಗಿದ್ದು ಅದೇ ಊರಿಗೆ. ನನಗಾಗ ಹದಿನೇಳು. ನಾನು ಕಂಡ ಹನಿಮೂನು ಅದೊಂದೇ. ನೀನು ಅದೇ ಮೆಟ್ಟಿಲ ಮೇಲೆ ಇವಳ ಕೈ ಹಿಡಿದು ಕೂರುತ್ತೀಯಾ, ಕೂರು.

ಶಿವನಸಮುದ್ರವೆಂದರೆ ಮದ್ದೂರಿನಲ್ಲಿಳಿದು, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಬೇಕು. ಏರು ಬಂದ ಕಡೆಯೆಲ್ಲ ಗಂಡಸರು ಇಳಿದು ತಳ್ಳಬೇಕು. ಯುದ್ಧದ ದಿನ, ಕರೆಂಟಿನ ಕಾರ್ಖಾನೆಗೆ ಪೊಲೀಸರ ಕಾವಲು ಬೇರೆ. ರೇವಮ್ಮನನ್ನು ಕೇಳಿದೆ. ಅವಳ ತವರು ಮಳವಳ್ಳಿ ಕಡೆಯದಲ್ಲವೇ, ಹುಟ್ಟಿದಾಗಿನಿಂದ ನೋಡಿ ಸಾಕಾಗಿದೆ, ನೀರು ಕಂಡರೆ ತಲೆ ಸುತ್ತುತ್ತದೆ, ನನಗೆ ಯಾವ ದ್ವೀಪವೂ ಬೇಡ ಎಂದಳು. ನಿನ್ನ ರಜೆಯ ಮಾತು ಎತ್ತಿದಾಗಲೂ ಮುಖದಲ್ಲಿ ಒಂದು ಗೆಲುವಿಲ್ಲ. ನೀನಿಲ್ಲಿ ಇದ್ದದ್ದೇ ಎಷ್ಟು ದಿನ, ಅವಳಿಗೆ ನಿನ್ನ ಮುಖವಾದರೂ ನೆನಪಿದೆಯೋ ಇಲ್ಲವೋ. ತಪ್ಪು ತಿಳಿಯಬೇಡ, ಇದ್ದದ್ದನ್ನು ಬರೆದೆ.

ಅದೂ ಅಲ್ಲದೆ ಪಂಚಾಂಗ ನೋಡಿದೆಯಾ ಮಾರಾಯ? ಜುಲೈ ಮೂರೆಂದರೆ ನಡು ಆಷಾಢ. ಮದುವೆಯಾದ ಮೊದಲ ಆಷಾಢ ಹೆಣ್ಣು ತವರಿನಲ್ಲಿರಬೇಕು, ಗಂಡ ಆ ಕಡೆ ತಲೆ ಹಾಕಬಾರದು. ಮುಂದಿನ ತಿಂಗಳು ಅವಳಪ್ಪ ರಾಮಲಿಂಗಯ್ಯ ಬಂದು ಕರೆದುಕೊಂಡು ಹೋಗುತ್ತಾನೆ. ನೀನು ಬಂದು ಯಾರ ಮುಖ ನೋಡುತ್ತೀಯೆ? ಈ ರಜೆಯನ್ನು ಬೇರೆ ಯಾರಿಗಾದರೂ ಬಿಟ್ಟುಕೊಟ್ಟು ದೀಪಾವಳಿಗೆ ಬಾ. ನಿನಗಿಷ್ಟವಾದ ಕಜ್ಜಾಯ ಮಾಡುತ್ತೇನೆ, ಮೂವರೂ ಮನೆಯಲ್ಲೇ ಇರೋಣ.

ಇದನ್ನು ಅಂಟಿಸಿ ಸ್ಟೇಷನ್ನಿನ ಡಬ್ಬಿಗೆ ಹಾಕಲು ರೇವಮ್ಮನ ಕೈಗೆ ಕೊಡುತ್ತಿದ್ದೇನೆ. ಅಷ್ಟಾದರೂ ಕೆಲಸ ಮಾಡಲಿ. ಮನೆದೇವರು ನಿನ್ನನ್ನು ಗುಂಡಿನ ಬಾಯಿಂದ ಕಾಯಲಿ.

ನಿನ್ನ ಹಿತ ಬಯಸುವ ಅಕ್ಕ,
ದೊಡ್ಡತಾಯಮ್ಮ

ಮ.ವಿ.: ನಾನು ರೇವಮ್ಮ ಬರೀತಿರೋದು. ಅಂಟ್ಸಕ್ಕೆ ಅನ್ನದ ಅಗುಳು ತತ್ತೀನಿ ಅಂತ ಒಳೀಕೆ ಬಂದಿವ್ನಿ. ಮೂರನೇ ಕ್ಲಾಸು ಓದಿವ್ನಿ, ಯಾರೂ ಕೇಳ್ನಿಲ್ಲ, ನಾನೂ ಯೇಳ್ನಿಲ್ಲ. ಕಂಬಿಗೆ ಚುಚ್ಚಿರೋ ನಿಮ್ಮ ಕಾಗ್ದ ಎಲ್ಲಾ ಅಕ್ಕ ಒಲಕ್ಕೋದಾಗ ತೆಗ್ದು ಓದಿವ್ನಿ, ಅವ್ರು ಬುಟ್ಟಿರೋ ಸಾಲೂವೆ. ಈ ಸತಿ ಅವ್ರು ನಂಗೆ ಓದಿದ್ದು, ಈ ವರ್ಸ ಬರಾಕಿಲ್ಲ, ಅಕ್ಕ ಯೇಳ್ದಂಗೆ ಬಿದ್ದಿರು ಅಂತ. ದ್ವೀಪದ ಮಾತೇ ಎತ್ನಿಲ್ಲ. ಸಿವನಸಮುದ್ರ ನಾನು ಒಂದ್ಸಲಾನೂ ನೋಡಿಲ್ಲ, ಮಳೆಗಾಲದಲ್ಲಿ ನಮ್ಮೂರ್ಗೆ ಸದ್ದು ಬತ್ತದೆ ಅಷ್ಟೆಯ. ಅಲ್ಗೇ ಓಗನ. ಆಸಾಡ ಒಳ್ಳೇದೇ ಆಯ್ತು, ನಾನು ಅಪ್ಪನ ಮನೇಲಿರ್ತೀನಿ, ನೀವು ಅನಕೆರೇಲಿ ಇಳೀಬ್ಯಾಡಿ, ನೆಟ್ಗೆ ಮಳವಳ್ಳಿಗೆ ಬನ್ನಿ. ಅಪ್ಪಂಗೆ ನಾನು ಯೇಳ್ಕತೀನಿ. ಅಕ್ಕಂಗೆ ಮಾತ್ರ ರಜ ಸಿಗ್ನಿಲ್ಲ ಅಂತ ಒಂದು ಕಾಗ್ದ ಆಕಿ. ಆಸಾಡಕ್ಕೆ ಮುಂಚೆ ಬರಂಗೆ ಆಕಿ. ಅದ್ನ ಅವ್ರೇ ಕೂರುಸ್ಕೊಂಡು ನಂಗೆ ಓದಿ ಯೇಳ್ಲಿ. ನಾನು ಅಳ್ತೀನಿ.