ತಟ್ಟೆಯಲ್ಲಿದ್ದ ಕೋಶಗಳು

ಸೌಮ್ಯಶ್ರೀ,

ಇವತ್ತು ಬೆಳಿಗ್ಗೆ ನಮ್ಮ ಗೋವಿಂದರಾಜನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮಂಡಿ ಸವೆತದ ಚಿಕಿತ್ಸೆಗೆ ಬಂದ ಬಸವ್ವಜ್ಜಿ, ನಾನು ಬರೆದ ಕರಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು ತಂದಿದ್ದರು. ಆಕ್ಸಿಡೀಕರಣದ ಒತ್ತಡದಲ್ಲಿ ಸಾಯುವ ಮೃದ್ವಸ್ಥಿ ಕೋಶಗಳನ್ನು, ಅಂದರೆ ಕೀಲಿನ ಮೆತ್ತೆಯ ಕೋಶಗಳನ್ನು, ಅಲ್ಟ್ರಾಸೌಂಡ್ ತರಂಗ ಉಳಿಸುತ್ತದೆ ಎಂಬ ನಿನ್ನ ಸಂಶೋಧನೆಯನ್ನು ಅದರಲ್ಲಿ ಕನ್ನಡಕ್ಕೆ ತಂದಿದ್ದೆ. 'ಪ್ರಯೋಗಾಲಯದ ತಟ್ಟೆಯಲ್ಲಿ' ಎಂಬ ಎರಡು ಪದ ಮಾತ್ರ ವಾಕ್ಯಕ್ಕೆ ಭಾರವೆಂದು ತೆಗೆದೆ.

"ಅದನ್ನ ತೆಗೀಬೇಡ ಕಣೇ, ಅದೇ ಮುಖ್ಯ" ಎಂದೆ ನೀನು. ನಿನಗೆ ಕನ್ನಡದ ಲಯ ತಿಳಿಯುವುದಿಲ್ಲ ಎಂದು ನಾನು ನಕ್ಕೆ. ಅಚ್ಚಾದದ್ದನ್ನು ನೋಡಿದ ಮೇಲೆ ನೀನು ನನ್ನ ಜೊತೆ ಮಾತು ಬಿಟ್ಟೆ.

"ಆಪರೇಷನ್ ಬ್ಯಾಡಂತ ಮಗಳಿಗೆ ಹೇಳೇನಿ ನೋಡವ್ವಾ, ಸವದಿದ್ದು ಇದರಾಗ ಸರಿ ಆಗತೈತಂತ" ಅಂದರು ಅಜ್ಜಿ. ನಾನು ಅಲ್ಟ್ರಾಸೌಂಡ್ ಯಂತ್ರದ ಪಕ್ಕದ ಜೆಲ್ ಬಾಟಲಿಗಳನ್ನು ಜೋಡಿಸುತ್ತಾ ನಿಂತೆ.

ನಾಳೆ ಅವರ ಪಕ್ಕ ಕುಳಿತು, ಆ ಕೋಶಗಳು ಯಾರ ಮಂಡಿಯಲ್ಲೂ ಇರಲಿಲ್ಲ, ತಪ್ಪು ಬರೆದವಳು ನಾನೇ ಎಂದು ಹೇಳುತ್ತೇನೆ.